ಎತ್ತಿಲ್ಲದ ತೊಟ್ಟಿಯಲ್ಲಿ ತಾವರೆ

2024ರ ಶ್ರಾವಣದ ಒಂದು ಬೆಳಿಗ್ಗೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕಾಫಿ ಲೋಟ ಹಿಡಿದು, ಸ್ಟ್ಯಾಂಡಪ್ ಮೀಟಿಂಗಿನಲ್ಲಿ ನನ್ನ ಸರದಿ ಯಾವಾಗ ಬರುತ್ತೋ ಅಂತ ಕಾಯ್ತಾ ಕೂತಿದ್ದೆ. ಅವ್ವನ ವಾಟ್ಸ್‌ಆ್ಯಪ್ ಬಂತು. ಅವ್ವ ಫೋಟೊ ಕಳಿಸುವುದೇ ಅಪರೂಪ, ಕಳಿಸಿದರೂ ಅರ್ಧ ಫೋಟೊ ಅವಳ ಹೆಬ್ಬೆರಳೇ ಇರುತ್ತದೆ. ಇದರಲ್ಲೂ ಹೆಬ್ಬೆರಳಿತ್ತು. ಅದರ ಪಕ್ಕದಲ್ಲಿ ಗುಲಾಬಿ ಬಣ್ಣದ ಒಂದು ತಾವರೆ ಅರಳಿತ್ತು. ಹಿಂದೆ ನಮ್ಮ ಹಿತ್ತಲಿನ ಗೋಡೆ.

ಕೆಳಗೆ ವಾಯ್ಸ್ ಮೆಸೇಜು: “ಯಪ್ಪಾ, ಹೂ ಬಿಟ್ಟೈತಿ ನೋಡು. ಮಧ್ಯಾಹ್ನಕ್ಕ ಮುಚ್ಚಿಕೊಳ್ತೈತಿ ಅಂದಿದ್ದೆಲ್ಲ, ಅದಕ್ಕ ಈಗ್ಲೇ ಕಳ್ಸೀನಿ.”

ಮೀಟಿಂಗಿನಲ್ಲಿ ನನ್ನ ಹೆಸರು ಕರೆದದ್ದು ಎರಡನೇ ಸಲಕ್ಕೆ ಕೇಳಿಸಿತು. ಒಂದು ಹೂವಿಗೆ ಇಷ್ಟೊಂದು ಸಂಭ್ರಮವಾ ಅಂತ ನೀವು ಕೇಳಬಹುದು. ಆ ಹೂವಿನ ಹಿಂದೆ ಒಂದೂವರೆ ವರ್ಷದ ಸೋಲು, ಒಂದು ಬರಗಾಲ, ನನಗೂ ಅವ್ವನಿಗೂ ನಡೆದ ಸಣ್ಣದೊಂದು ಜಗಳ ಇದೆ. ತಾವರೆ ಬೆಳೆಸಬೇಕು ಅಂದುಕೊಂಡಿರುವವರಿಗೆ ಉಪಯೋಗವಾದೀತು ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ಖಾಲಿ ತೊಟ್ಟಿ

ನಮ್ಮದು ಕೊಟ್ಟೂರಿನ ಹತ್ತಿರದ ಒಂದು ಹಳ್ಳಿ. ಹಿಂದೆ ಕೂಡ್ಲಿಗಿ ತಾಲ್ಲೂಕು, ಈಗ ಕೊಟ್ಟೂರೇ ತಾಲ್ಲೂಕು. ಜಿಲ್ಲೆ ಮೊದಲು ಬಳ್ಳಾರಿ, 2021ರಿಂದ ವಿಜಯನಗರ. ತಾಲ್ಲೂಕು, ಜಿಲ್ಲೆ ಎರಡೂ ಬದಲಾದವು. ಬದಲಾಗದೇ ಇರುವುದು ನೀರಿನ ಚಿಂತೆ. ಮೆಕ್ಕೆಜೋಳ, ಶೇಂಗಾ, ಜೋಳ, ಎಲ್ಲ ಮಳೆ ನಂಬಿದ ಬೇಸಾಯ. ಬೋರ್ ಕೊರೆಸಿದವರ ಮನೆಯಲ್ಲಿ ನೀರಿಗಿಂತ ಸಾಲವೇ ಮೊದಲು ಚಿಮ್ಮುತ್ತದೆ ಅಂತ ನಮ್ಮ ಕಡೆ ತಮಾಷೆಗೆ ಹೇಳುತ್ತಾರೆ. ಕೇಳಿದವರು ಯಾರೂ ನಗುವುದಿಲ್ಲ.

2022ರಲ್ಲಿ ಅಪ್ಪ ತೀರಿಕೊಂಡರು. ಆರು ತಿಂಗಳಿಗೆ ಎತ್ತುಗಳನ್ನು ಮಾರಿದೆವು. ಹೊಲ ಕೋರಿಗೆ ಕೊಟ್ಟೆವು. ಹಿತ್ತಲಿನಲ್ಲಿ ಎತ್ತುಗಳು ನೀರು ಕುಡಿಯುತ್ತಿದ್ದ ಸಿಮೆಂಟಿನ ತೊಟ್ಟಿ ಖಾಲಿ ಉಳಿಯಿತು. ಆರಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಆಳ. ಅವ್ವ ದಿನಾ ಬೆಳಿಗ್ಗೆ ಹಿತ್ತಲು ಗುಡಿಸುವಾಗ ಅದರೊಳಗೂ ಒಮ್ಮೆ ಕಸಬರಿಗೆ ಆಡಿಸುತ್ತಿದ್ದಳು. ಖಾಲಿ ತೊಟ್ಟಿಯಲ್ಲಿ ಗುಡಿಸಲು ಏನೂ ಇರುತ್ತಿರಲಿಲ್ಲ.

ನನಗೆ ಅವ್ವ ಬೆಂಗಳೂರಿಗೆ ಬರಲಿ ಅಂತ ಆಸೆ. ಅವಳಿಗೆ ಒಲ್ಲೆ. ಸರಿ, ಊರಲ್ಲೇ ಇರುವುದಾದರೆ ಹಿತ್ತಲಿನಲ್ಲಿ ಕಣ್ಣಿಗೆ ತಂಪಾಗುವ ಏನಾದರೂ ಇರಲಿ ಅನ್ನಿಸಿತು. ಹೈಸ್ಕೂಲಿನಲ್ಲಿದ್ದಾಗ ಪ್ರವಾಸಕ್ಕೆ ಹಂಪಿ, ಆನೆಗೊಂದಿಗೆ ಹೋಗಿದ್ದೆವು. ಬಂಡೆಗಳ ನಡುವಿನ ಪಂಪಾ ಸರೋವರದಲ್ಲಿ ನಾನು ಮೊದಲ ಸಲ ತಾವರೆ ನೋಡಿದ್ದೆ. ಆ ನೆನಪಿನಲ್ಲಿ ಒಂದು ದೊಡ್ಡ ಐಡಿಯಾ ಹೊಳೆಯಿತು: ಹಿತ್ತಲಿನಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ತಾವರೆ ಕೊಳ!

ಅವ್ವನಿಗೆ ಹೇಳಿದೆ. ಅವಳು ಒಂದೇ ಮಾತು ಅಂದಳು: “ಕುಡಿಯಾಕ ನೀರು ಮೂರು ದಿನಕ್ಕೊಮ್ಮೆ ಬರ್ತೈತಿ. ನೀ ಕೊಳ ಕಟ್ಟಿಸಿ ಬೆಂಗಳೂರಿಗೆ ಹೋಗ್ತೀ. ಅದಕ್ಕ ನೀರು ಹೊರೋರು ಯಾರು?”

ಲೆಕ್ಕ ಹಾಕಿದಾಗ

ಎಂಜಿನಿಯರ್ ಅಲ್ವಾ, ಎಕ್ಸೆಲ್ ತೆರೆದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ತೊಟ್ಟಿಯ ನೀರು ದಿನಕ್ಕೆ ಎಷ್ಟು ಇಳಿಯುತ್ತದೆ ಅಂತ ನೋಡಲು ಸ್ಕೇಲ್ ಇಟ್ಟು ಅಳೆದೆ. ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಹತ್ತಡಿ ಕೊಳಕ್ಕೆ ಒಂದು ಸೆಂಟಿಮೀಟರ್ ಅಂದರೆ 93 ಲೀಟರ್, ಸರಿಸುಮಾರು ಆರು ಕೊಡ. ದಿನಾ. ಅರವತ್ತರ ಹತ್ತಿರದ ಅವ್ವನಿಗೆ ನಾನು ಉಡುಗೊರೆ ಅಂತ ಕೊಡಲು ಹೊರಟಿದ್ದು ದಿನಾ ಆರು ಕೊಡ ನೀರು ಹೊರುವ ಕೆಲಸ! ಕೊಳದ ಐಡಿಯಾ ಅಲ್ಲಿಗೇ ಮುಗಿಯಿತು.

ಅದೇ ಲೆಕ್ಕವನ್ನು ಖಾಲಿ ತೊಟ್ಟಿಗೆ ಹಾಕಿದೆ. ಬರೀ ಹನ್ನೊಂದು ಲೀಟರ್ ಚಿಲ್ಲರೆ. ಒಂದು ಕೊಡಕ್ಕಿಂತ ಕಡಿಮೆ. ಇದನ್ನು ಹೇಳಿದಾಗ ಅವ್ವನ ಮುಖ ಸ್ವಲ್ಪ ಬದಲಾಯಿತು. “ಬ್ಯಾಸಿಗ್ಯಾಗ ಒಂದೆತ್ತು ಮೂರು ಕೊಡ ಕುಡೀತಿತ್ತು. ಎರಡಕ್ಕ ಆರು ಕೊಡ. ಇದೇನ್ ಮಹಾ ಬಿಡು” ಅಂದಳು.

ಆಮೇಲೆ ಅದಕ್ಕೂ ಒಂದು ದಾರಿ ಸಿಕ್ಕಿತು. ಮಾಳಿಗೆ ಮೇಲಿನ ಟ್ಯಾಂಕ್ ತುಂಬಿದಾಗ ನೀರು ಹೊರಚೆಲ್ಲುವ ಪೈಪು ಸುಮ್ಮನೆ ಗೋಡೆ ಮೇಲೆ ಸುರಿಯುತ್ತಿತ್ತು. ಮೋಟಾರ್ ಆಫ್ ಮಾಡುವುದು ಎರಡು ನಿಮಿಷ ತಡವಾದರೆ ಎರಡು ಕೊಡ ನೀರು ಹಾಳು. ಆ ಪೈಪಿಗೆ ಇನ್ನೊಂದು ಪೈಪ್ ಜೋಡಿಸಿ ತೊಟ್ಟಿಗೆ ಬಿಟ್ಟೆ. ಚೆಲ್ಲಿ ಹೋಗುತ್ತಿದ್ದ ನೀರೇ ತಾವರೆಯ ಪಾಲಿಗೆ ಬಂತು. ಈ ಇಡೀ ಪ್ರಯತ್ನದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು. ಉಳಿದದ್ದೆಲ್ಲ ತಪ್ಪುಗಳೇ.

ಜಪಮಾಲೆ ಬಿತ್ತಿದ ಕಥೆ

ಮೊದಲ ತಪ್ಪು ಬೀಜದ್ದು. 2023ರಲ್ಲಿ ಕೊಟ್ಟೂರು ಜಾತ್ರೆಗೆ ಊರಿಗೆ ಹೋದವನು ಅಂಗಡಿಯೊಂದರಲ್ಲಿ ತಾವರೆ ಮಣಿಯ ಜಪಮಾಲೆ ನೋಡಿದೆ. ಅದು ತಾವರೆ ಬೀಜವೇ. ನೂರೆಂಟು ಬೀಜ ಇಷ್ಟು ಅಗ್ಗಕ್ಕೆ! ತಂದು, ಬಿಚ್ಚಿ, ಹತ್ತು ಮಣಿ ನೀರಿಗೆ ಹಾಕಿದೆ. ನಾಲ್ಕನೇ ದಿನಕ್ಕೆ ನೀರು ಕೊಳೆತು ನಾರತೊಡಗಿತು. ದಾರ ಪೋಣಿಸಲು ಮಣಿಯ ನಡುವೆ ತೂತು ಕೊರೆದಿರುತ್ತಾರೆ. ಒಳಗಿನ ಮೊಳಕೆ ಅಲ್ಲಿಗೇ ಸತ್ತಿರುತ್ತದೆ. “ಜಪಮಾಲಿ ಬಿತ್ತಿದ್ರ ಬೆಳೀತದೇನೋ ಹುಚ್ಚಪ್ಪಾ” ಅಂತ ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ನಕ್ಕಳು.

ತೂತಿಲ್ಲದ ಬಿಡಿ ಬೀಜ ಪೂಜಾ ಸಾಮಗ್ರಿ ಅಂಗಡಿಯಲ್ಲೂ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ಆದರೆ ಕಮಲದ ಬೀಜ ಅಂತ ಹುರಿದು ತಿನ್ನುವ ಬಿಳಿ ಮಖಾನ ಬೇರೆ. ಅದು ಬಿಹಾರದ ಕಡೆ ಬೆಳೆಯುವ, ಮುಳ್ಳಿನ ಎಲೆಯ ಇನ್ನೊಂದು ಜಲಸಸ್ಯದ ಬೀಜ. ತಾವರೆಗೂ ಅದಕ್ಕೂ ಸಂಬಂಧವಿಲ್ಲ.

ತಾವರೆ ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ. ಸುಮ್ಮನೆ ನೀರಿಗೆ ಹಾಕಿದರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಚೀನಾದ ಒಂದು ಒಣಗಿದ ಸರೋವರದ ತಳದಿಂದ ತೆಗೆದ ತಾವರೆ ಬೀಜ ಸುಮಾರು 1,300 ವರ್ಷ ಹಳೆಯದು. ಅದು ಮೊಳೆತ ವಿಷಯವನ್ನು ಜೇನ್ ಶೆನ್-ಮಿಲ್ಲರ್ ಎಂಬ ವಿಜ್ಞಾನಿ ಮತ್ತವರ ಸಂಗಡಿಗರು 1995ರಲ್ಲಿ ಪ್ರಕಟಿಸಿದರು. ಹಂಪಿಯಲ್ಲಿ ವಿಜಯನಗರ ಹುಟ್ಟುವುದಕ್ಕೂ ನೂರಾರು ವರ್ಷ ಮೊದಲಿನ ಬೀಜ! ಇದನ್ನು ಓದಿದ ದಿನ ನನಗೆ ಬೀಜದ ಮೇಲೆ ಗೌರವ ಬಂತು, ನನ್ನ ಅವಸರದ ಮೇಲೆ ನಾಚಿಕೆಯೂ ಬಂತು.

ಮೊಳಕೆ ಬರಿಸುವ ಕ್ರಮ ಸುಲಭ. ಬೀಜದ ಒಂದು ತುದಿಯಲ್ಲಿ ಚೂಪಾದ ಸಣ್ಣ ಮೊನೆ, ಇನ್ನೊಂದು ತುದಿಯಲ್ಲಿ ಸಣ್ಣ ಗುಳಿ ಇರುತ್ತದೆ. ಗುಳಿಯಿರುವ ತುದಿಯನ್ನು ಉಪ್ಪುಕಾಗದಕ್ಕೋ ಒರಟು ಸಿಮೆಂಟ್ ನೆಲಕ್ಕೋ ಉಜ್ಜಬೇಕು. ಕಪ್ಪು ಸಿಪ್ಪೆ ಸವೆದು ಒಳಗಿನ ಕೆನೆಬಣ್ಣ ಕಂಡ ಕೂಡಲೇ ನಿಲ್ಲಿಸಬೇಕು. ಗಾಜಿನ ಲೋಟದಲ್ಲಿ ನೀರು ಹಾಕಿ, ಬೀಜ ಬಿಟ್ಟು, ಕಿಟಕಿ ಪಕ್ಕ ಇಡಿ. ದಿನಾ ನೀರು ಬದಲಿಸಿ. ಒಂದು ವಾರದೊಳಗೆ ಹಸಿರು ಮೊಳಕೆ, ಎರಡು ಮೂರು ವಾರಕ್ಕೆ ಬೇರು. ಇದನ್ನು ಮಾಡಿದೆ, ಮೊಳಕೆಯೂ ಬಂತು. ಮೊಳಕೆಯ ಫೋಟೊವನ್ನು ಆಫೀಸಿನ ಗ್ರೂಪಿನಲ್ಲೂ ಹಾಕಿದೆ.

ಪ್ರೀತಿ ಹೆಚ್ಚಾಗಿ ಸತ್ತ ಗಿಡ

ಆಮೇಲೆ ಎರಡನೇ ತಪ್ಪು. ನರ್ಸರಿಯಿಂದ ದುಬಾರಿ ಪಾಟಿಂಗ್ ಮಿಕ್ಸ್ ತಂದು ಟಬ್ಬಿಗೆ ತುಂಬಿ ನೀರು ಹಾಕಿದೆ. ಅದರಲ್ಲಿ ಅರ್ಧ ತೆಂಗಿನ ನಾರಿನ ಪುಡಿ. ಎಲ್ಲ ಮೇಲಕ್ಕೆ ತೇಲಿ ಬಂತು. ನೀರು ಚಹಾದ ಬಣ್ಣಕ್ಕೆ ತಿರುಗಿತು.

ಮೂರನೇ ತಪ್ಪು ಗೊಬ್ಬರ. ಮೂರೇ ಮೂರು ಪುಟ್ಟ ಎಲೆ ಬಿಟ್ಟಿತ್ತು. ‘ಪೋಷಣೆ ಬೇಕು’ ಅಂತ ಯೂಟ್ಯೂಬಿನಲ್ಲಿ ಯಾರೋ ಹೇಳಿದರು. 19:19:19 ಗೊಬ್ಬರವನ್ನು ಒಂದು ದೊಡ್ಡ ಚಮಚ ನೀರಿಗೇ ಸುರಿದೆ. ವಾರದೊಳಗೆ ಎಲೆಯ ಅಂಚು ಸುಟ್ಟಂತಾಗಿ ಕಂದಿತು. ನೀರೆಲ್ಲ ಹಸಿರು ಪಾಚಿ. ಹತ್ತನೇ ದಿನಕ್ಕೆ ಗಿಡ ಇಲ್ಲ.

ಬೆಂಗಳೂರಿನ ಬಾಲ್ಕನಿಯಲ್ಲಿ ಇಟ್ಟಿದ್ದ ಇನ್ನೊಂದು ಟಬ್ಬಿನಲ್ಲಿ ಗಿಡ ಬದುಕಿತ್ತು. ಆದರೆ ಅಲ್ಲಿಗೆ ಬಿಸಿಲು ಬೀಳುವುದು ದಿನಕ್ಕೆ ಎರಡೂವರೆ ಗಂಟೆ. ಎಲೆ ಬಂದವು, ಒಂದು ಮೊಗ್ಗೂ ಇಲ್ಲ. ತಾವರೆಗೆ ನೇರ ಬಿಸಿಲು ದಿನಕ್ಕೆ ಆರು ಗಂಟೆಯಾದರೂ ಬೇಕು. ಅಷ್ಟಿಲ್ಲದ ಜಾಗದಲ್ಲಿ ಯಾವ ಗೊಬ್ಬರ ಹಾಕಿದರೂ ಹೂ ಬರುವುದಿಲ್ಲ.

ಅವ್ವ ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದಳು. ಒಂದು ದಿನ ಕೇಳಿದಳು: “ಕೆರ್ಯಾಗಿನ ತಾವ್ರಿಗೆ ಯಾರು ಪೌಡ್ರು ಹಾಕ್ತಿದ್ರು?”

ಆಗ ಗೊತ್ತಾಯಿತು, ನಮ್ಮೂರ ಕೆರೆಯಲ್ಲೂ ಒಂದು ಕಾಲಕ್ಕೆ ತಾವರೆ ಇತ್ತು. ಅವ್ವ ಮದುವೆಯಾಗಿ ಬಂದ ವರ್ಷ ಕೆರೆ ಕೋಡಿ ಬಿದ್ದಿತ್ತಂತೆ. ಅಂಚಿನಲ್ಲಿ ತಾವರೆ ಎಲೆ ಎಷ್ಟು ದಟ್ಟವಾಗಿದ್ದವೆಂದರೆ ಬಟ್ಟೆ ಒಗೆಯಲು ಜಾಗ ಮಾಡಿಕೊಳ್ಳಬೇಕಿತ್ತಂತೆ. ನಾನು ನೋಡಿದ ಕೆರೆಯಲ್ಲಿ ಇದ್ದದ್ದು ಬಳ್ಳಾರಿ ಜಾಲಿ, ಕ್ರಿಕೆಟ್ ಪಿಚ್ ಮತ್ತು ಒಂದೆರಡು ಮಳೆಗಾಲದಲ್ಲಿ ಮೊಣಕಾಲುದ್ದದ ನೀರು. ಮೂವತ್ತು ವರ್ಷದಲ್ಲಿ ಒಂದೂರಿನ ಕೆರೆ ಹೀಗೆ ಬದಲಾಗಿದ್ದು ನನಗೆ ಗೊತ್ತೇ ಇರಲಿಲ್ಲ.

ಕೆರೆ ಗೋಡು

ಮುಂದಿನ ಸಲ ಮಣ್ಣಿನ ಕೆಲಸ ಅವ್ವನದು. ಬೇಸಿಗೆಯಲ್ಲಿ ರೈತರು ಕೆರೆ ಗೋಡು ತೆಗೆದು ಹೊಲಕ್ಕೆ ಹೊಡೆಯುತ್ತಾರಲ್ಲ, ಆ ಟ್ರ್ಯಾಕ್ಟರಿನವರನ್ನು ಕೇಳಿ ನಾಲ್ಕು ಪುಟ್ಟಿ ಇಳಿಸಿಕೊಂಡಳು. ಜಿಗುಟಾದ ಕಪ್ಪು ಮಣ್ಣು. ಒಣಗಿದರೆ ಹೆಂಟೆ, ನೆಂದರೆ ಬೆಣ್ಣೆ. ತಾವರೆಗೆ ಬೇಕಾದದ್ದು ಇದೇ: ನೀರಿನಲ್ಲಿ ತೇಲದ, ಬೇರನ್ನು ಬಿಗಿಯಾಗಿ ಹಿಡಿಯುವ ಜೇಡಿ.

ತೊಟ್ಟಿಗೆ ನೇರವಾಗಿ ಮಣ್ಣು ತುಂಬಲಿಲ್ಲ. ಇಪ್ಪತ್ತು ಇಂಚು ಅಗಲದ, ತೂತಿಲ್ಲದ ಎರಡು ದುಂಡನೆ ಟಬ್ಬು ತಂದು ತೊಟ್ಟಿಯೊಳಗೆ ಇಟ್ಟೆವು. ತಾವರೆ ಗಡ್ಡೆ ಮಣ್ಣಿನೊಳಗೆ ಓಡುತ್ತಾ ಹೋಗುತ್ತದೆ. ಮೂಲೆಯಿರುವ ಪಾತ್ರೆಯಲ್ಲಿ ತುದಿ ಮೂಲೆಗೆ ಸಿಕ್ಕಿ ನಿಲ್ಲುತ್ತದೆ, ದುಂಡನೆಯದರಲ್ಲಿ ಸುತ್ತು ಹೊಡೆಯುತ್ತದೆ. ಟಬ್ಬಿಲ್ಲದೆ ಬಿಟ್ಟರೆ ಕೊಳವನ್ನೆಲ್ಲ ಆಕ್ರಮಿಸುತ್ತದೆ. ಇನ್ನೊಂದು ಲಾಭ: ಬಿಸಿಲಿನಲ್ಲಿ ಒಂಟಿ ಪ್ಲಾಸ್ಟಿಕ್ ಟಬ್ಬಿನ ನೀರು ಕಾದುಹೋಗುತ್ತದೆ. ತೊಟ್ಟಿಯ ನೀರಿನೊಳಗೆ ಮುಳುಗಿದ ಟಬ್ಬು ತಂಪಾಗಿರುತ್ತದೆ.

ತಳಕ್ಕೆ ವರ್ಷ ಹಳೆಯ ತಿಪ್ಪೆಗೊಬ್ಬರ ಎರಡು ಹಿಡಿ, ಮೇಲೆ ಏಳು ಇಂಚು ಗೋಡು. ಹಸಿ ಸಗಣಿ ಹಾಕಿದರೆ ಕೊಳೆತು ಬೇರು ಸಾಯುತ್ತದೆ. ಈ ಸಲ ಬೀಜದ ಬದಲು ಗಡ್ಡೆ ತರಿಸಿದೆ. ಕೇರಳದಲ್ಲಿ ಮನೆಯ ಹಿತ್ತಲಲ್ಲೇ ತಾವರೆ ಬೆಳೆದು ಗಡ್ಡೆ ಮಾರುವವರು ಬೇಕಾದಷ್ಟಿದ್ದಾರೆ, ಒದ್ದೆ ಕಾಗದದಲ್ಲಿ ಸುತ್ತಿ ಕೊರಿಯರ್ ಮಾಡುತ್ತಾರೆ. ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಚಿಗುರು ತುದಿ ಮೇಲೆ ಕಾಣುವಂತೆ ಬಿಟ್ಟು, ಉಳಿದದ್ದಕ್ಕೆ ಒಂದೆರಡು ಇಂಚು ಮಣ್ಣು ಮುಚ್ಚಬೇಕು. ತೇಲದಂತೆ ಮೇಲೊಂದು ಚಪ್ಪಟೆ ಕಲ್ಲು. ಚಿಗುರು ಮುರಿದರೆ ಆ ಗಡ್ಡೆಯ ಆಸೆ ಬಿಡಿ. ಮೊದಮೊದಲು ಮಣ್ಣಿನ ಮೇಲೆ ಮೂರ್ನಾಲ್ಕು ಇಂಚು ನೀರು ಸಾಕು. ಎಲೆ ಎದ್ದು ನಿಂತ ಮೇಲೆ ಏರಿಸಬಹುದು.

2024ರ ಫೆಬ್ರುವರಿಯಲ್ಲಿ ನೆಟ್ಟೆವು. ಮೊದಲು ನೀರಿನ ಮೇಲೆ ತೇಲುವ ನಾಣ್ಯದಂಥ ಎಲೆಗಳು ಬಂದವು. ಆಮೇಲೆ ಮಾರ್ಚಿನಲ್ಲಿ ಒಂದು ಎಲೆ ನೀರು ಬಿಟ್ಟು ಮೇಲೆದ್ದು ನಿಂತಿತು. ಅಲ್ಲಿಗೆ ಇದು ನೈದಿಲೆಯಲ್ಲ, ತಾವರೆಯೇ ಅಂತ ಖಾತ್ರಿಯಾಯಿತು. ಬಹಳ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ನೈದಿಲೆಯ ಎಲೆಯಲ್ಲಿ ಒಂದು ಸೀಳಿರುತ್ತದೆ, ನೀರಿನ ಮೇಲೇ ಮಲಗಿರುತ್ತದೆ. ತಾವರೆ ಎಲೆ ಸೀಳಿಲ್ಲದ ದುಂಡು ತಟ್ಟೆ, ಎದ್ದು ನಿಲ್ಲುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಇವೆರಡೂ ಹತ್ತಿರದ ನೆಂಟರೂ ಅಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಮರವೇ ತಾವರೆಗೆ ನೈದಿಲೆಗಿಂತ ಹತ್ತಿರದ ಸಂಬಂಧಿ!

ಬರ ಬಂತು

ನಾವು ಗಡ್ಡೆ ನೆಟ್ಟ ಹೊತ್ತು ಸರಿಯಿರಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. 2024ರ ಏಪ್ರಿಲ್ ಹೊತ್ತಿಗೆ ನಮ್ಮ ಓಣಿಗೆ ನೀರು ಬರುವುದು ವಾರಕ್ಕೊಮ್ಮೆ ಆಯಿತು. ಟ್ಯಾಂಕೇ ತುಂಬುವುದಿಲ್ಲ, ಇನ್ನು ತುಂಬಿ ಚೆಲ್ಲುವುದು ಎಲ್ಲಿಂದ? ಬೆಂಗಳೂರಿನಲ್ಲೂ ಅದೇ ಕಥೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರ್ ಬಂದರೆ ಹಬ್ಬ.

ಆಗಲೇ ಜಗಳವಾದದ್ದು. ಫೋನಿನಲ್ಲಿ ಹೇಳಿದೆ: “ಅವ್ವಾ, ತೊಟ್ಟಿ ಖಾಲಿ ಮಾಡು. ಗಿಡ ಹೋದ್ರೆ ಹೋಗ್ಲಿ. ಜನ ಏನಂತಾರೆ? ಕುಡಿಯೋ ನೀರಿಲ್ಲದಾಗ ಹೂವಿಗೆ ನೀರು ಅಂದ್ರೆ.”

“ಜನರ ಮಾತು ನಿನಗ್ಯಾಕ? ಕುಡಿಯೋ ನೀರು ನಾನ್ಯಾಕ ಹಾಕ್ಲಿ?” ಅಂದಳು. ದನಿ ಸ್ವಲ್ಪ ಏರಿತ್ತು. “ಎತ್ತು ಮಾರೋವಾಗ್ಲೂ ಹಿಂಗಾ ಅಂದಿ. ಎಲ್ಲಾ ಖಾಲಿ ಮಾಡು, ಖಾಲಿ ಮಾಡು ಅಂತೀ.” ಫೋನ್ ಇಟ್ಟಳು.

ಎರಡು ದಿನ ಮಾತಿಲ್ಲ. ಆ ಮಾತು ನನಗೆ ನಾಟಿತ್ತು. ಎತ್ತು ಮಾರಿದ ದಿನ ನಾನು ಲೆಕ್ಕ ಮಾತ್ರ ನೋಡಿದ್ದೆ: ಮೇವಿನ ಖರ್ಚು, ಆಳಿನ ಕೂಲಿ, ಅವ್ವನ ವಯಸ್ಸು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅವತ್ತು ಅವಳನ್ನು ಏನೂ ಕೇಳಿರಲಿಲ್ಲ.

ಮೇ ತಿಂಗಳಲ್ಲಿ ಊರಿಗೆ ಹೋದಾಗ ನೋಡಿದೆ. ತೊಟ್ಟಿಯಲ್ಲಿ ನೀರಿಲ್ಲ. ಎಲೆಗಳೆಲ್ಲ ಒಣಗಿವೆ. ಆದರೆ ಎರಡೂ ಟಬ್ಬಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದಳು. ತರಕಾರಿ ತೊಳೆದ ನೀರನ್ನು ದಿನಾ ಎರಡು ಚೊಂಬು ಚಿಮುಕಿಸುತ್ತಿದ್ದಳಂತೆ. ಚೀಲ ಸರಿಸಿದರೆ ಮಣ್ಣು ಒಡೆದಿರಲಿಲ್ಲ. ಕೆಸರು ಕೆಸರಾಗಿಯೇ ಇತ್ತು.

“ಕೆರಿ ಬತ್ತಿದ್ರೂ ತಾವ್ರಿ ಸಾಯ್ತಿರಲಿಲ್ಲಪ್ಪ. ಕೆಸರಿನ್ಯಾಗ ಗಡ್ಡಿ ಇರ್ತಿತ್ತು. ಮಳಿ ಬಂದ್ರ ಎದ್ದು ಬರ್ತಿತ್ತು” ಅಂದಳು.

ಇದನ್ನು ನಾನು ಯಾವ ವಿಡಿಯೊದಲ್ಲೂ ನೋಡಿರಲಿಲ್ಲ. ಯೋಚಿಸಿದರೆ ಸರಿಯೇ. ತಾವರೆ ನಮ್ಮ ಕೆರೆಗಳ ಗಿಡ. ನಮ್ಮ ಕೆರೆಗಳು ಮಳೆಗೆ ತುಂಬುತ್ತವೆ, ಬೇಸಿಗೆಗೆ ಇಳಿಯುತ್ತವೆ. ನೀರು ಕಡಿಮೆಯಾದಾಗ ಗಿಡ ಎಲೆ ಬಿಟ್ಟುಕೊಟ್ಟು ಗಡ್ಡೆಯೊಳಗೆ ಜೀವ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಕೊಳದ ತುಂಬ ನೀರಲ್ಲ, ಒಣಗಿ ಬಿರುಕು ಬಿಡದ ಕೆಸರು. ಗಡ್ಡೆಯೂ ಸತ್ತರೆ ಬೀಜವಿದೆ, ಕಾಯುವುದಕ್ಕೆ.

ಜೂನಿನಲ್ಲಿ ಮಳೆ ಹಿಡಿಯಿತು. ತೊಟ್ಟಿ ತಾನಾಗಿಯೇ ತುಂಬಿತು. ಹತ್ತು ದಿನಕ್ಕೆ ಒಂದು ಟಬ್ಬಿನಲ್ಲಿ ಚಿಗುರು. ಇನ್ನೊಂದು ಹೋಯಿತು. ಎರಡರಲ್ಲಿ ಒಂದು ಉಳಿಯಿತಲ್ಲ ಅಂತ ನಾವಿಬ್ಬರೂ ಅದನ್ನೇ ನೋಡುತ್ತಾ ಕೂತೆವು.

ಸೊಳ್ಳೆ ಮತ್ತು ಗಪ್ಪಿ

ನೀರು ನಿಂತ ಮೇಲೆ ಸೊಳ್ಳೆ ಬರಬೇಕಲ್ಲ. ಡೆಂಗಿ ಲಾರ್ವಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ತೊಟ್ಟಿ ನೋಡಿ, “ಅಮ್ಮಾ, ಇದನ್ನ ಚೆಲ್ಲಬೇಕು” ಅಂದರು. ಅವರು ಹೇಳಿದ್ದು ಸರಿಯೇ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಲ್ಲೇ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಪರಿಹಾರವನ್ನೂ ಅವರೇ ಹೇಳಿದರು: ಗಪ್ಪಿ ಮೀನು ಬಿಡಿ. ಎಂಟು ಗಪ್ಪಿ ತಂದು ಬಿಟ್ಟೆ. ಎರಡು ತಿಂಗಳಲ್ಲಿ ಎಣಿಸಲಾರದಷ್ಟಾದವು. ಸೊಳ್ಳೆ ಮರಿ ಕಾಣಲೇ ಇಲ್ಲ. ಅವ್ವನಿಗೆ ಬೆಳಿಗ್ಗೆ ಮಾತಾಡಿಸಲು ಜೊತೆಯೂ ಸಿಕ್ಕಿತು. ಆದರೆ ಈ ಮೀನನ್ನು ಕೆರೆ, ಹಳ್ಳಕ್ಕೆ ಬಿಡಬೇಡಿ. ಹೊರಗಿನ ಮೀನು ಅಲ್ಲಿನ ಜೀವಿಗಳಿಗೆ ತೊಂದರೆ ಮಾಡುತ್ತದೆ.

ಹೂ ಅರಳಿದ ನಾಲ್ಕು ದಿನ

ಶ್ರಾವಣದ ಆ ಹೂವಿಗೆ ಮರಳೋಣ. ತಾವರೆ ಬೆಳಿಗ್ಗೆ ಅರಳಿ ಬಿಸಿಲೇರುವಾಗ ಮುಚ್ಚಿಕೊಳ್ಳುತ್ತದೆ. ಮೂರು ನಾಲ್ಕು ದಿನ ಹೀಗೆ ಮಾಡಿ ಎಸಳು ಉದುರಿಸುತ್ತದೆ. ಅರಳುವ ದಿನಗಳಲ್ಲಿ ಹೂವು ತನ್ನೊಳಗೆ ತಾನೇ ಶಾಖ ಹುಟ್ಟಿಸಿಕೊಳ್ಳುತ್ತದೆ ಅಂತ ಆಸ್ಟ್ರೇಲಿಯಾದ ಅಡಿಲೇಡಿನ ಸಂಶೋಧಕರು 1996ರಲ್ಲಿ ತೋರಿಸಿದ್ದಾರೆ. ಹೊರಗೆ 10 ಡಿಗ್ರಿ ಚಳಿ ಇದ್ದರೂ ಹೂವಿನೊಳಗೆ 30ರಿಂದ 35 ಡಿಗ್ರಿ! ಬೆಚ್ಚಗಿನ ಜಾಗಕ್ಕೆ ಬರುವ ಕೀಟಗಳಿಂದ ಪರಾಗಸ್ಪರ್ಶ ಆಗುತ್ತದೆ.

ನಾಲ್ಕನೇ ದಿನ ಅವ್ವನಿಗೆ ಕೇಳಿದೆ: “ಹೂ ಕಿತ್ತು ದೇವರಿಗೆ ಏರಿಸಿದ್ಯಾ?” ಬೆಂಗಳೂರಿನಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಜೋಡಿ ತಾವರೆಗೆ ಪಕ್ಕದ ಮನೆಯವರು ನೂರು ರೂಪಾಯಿ ಕೊಟ್ಟು ತಂದಿದ್ದರು.

“ಇಲ್ಲಪ್ಪ. ಬೀಜ ಆಗ್ಲಿ ಅಂತ ಬಿಟ್ಟೀನಿ.”

ಆ ಕಾಯಿಯಲ್ಲಿ ಹನ್ನೊಂದು ಬೀಜ ಸಿಕ್ಕವು. ಅವ್ವ ಅವನ್ನು ಖಾಲಿ ಮಾತ್ರೆ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ. ಮೂರನ್ನು ನಾವೇ ಉಜ್ಜಿ ಮೊಳೆಸಿ, ಹೋದ ಟಬ್ಬಿನ ಜಾಗಕ್ಕೆ ನೆಟ್ಟೆವು.

ನೀವು ಶುರು ಮಾಡುವುದಾದರೆ

ನನ್ನ ತಪ್ಪುಗಳಿಂದ ನಿಮಗೆ ಉಳಿತಾಯವಾಗಲಿ:

• ಮೊದಲು ಬಿಸಿಲು ನೋಡಿ. ಆರು ಗಂಟೆ ನೇರ ಬಿಸಿಲಿಲ್ಲದಿದ್ದರೆ ತಾವರೆ ಬೇಡ. ಕಡಿಮೆ ಬಿಸಿಲಿನಲ್ಲೂ ನೈದಿಲೆ ಸ್ವಲ್ಪ ಹೊಂದಿಕೊಳ್ಳುತ್ತದೆ.

• ಭಾರ ಲೆಕ್ಕ ಹಾಕಿ. ಇಪ್ಪತ್ತು ಇಂಚು ಅಗಲ, ಒಂದಡಿ ಎತ್ತರದ ಟಬ್ಬು ಮಣ್ಣು, ನೀರು ಸೇರಿ 80 ಕಿಲೊ ಹತ್ತಿರ ತೂಗುತ್ತದೆ. ಬಾಲ್ಕನಿಗೆ, ಟೆರೇಸಿಗೆ ಇಡುವ ಮುನ್ನ ಮನೆ ಮಾಲೀಕರನ್ನು ಕೇಳಿ. ಚಿಕ್ಕ ಜಾಗಕ್ಕೆ ಹನ್ನೆರಡು ಹದಿನಾಲ್ಕು ಇಂಚಿನ ಪಾತ್ರೆಯಲ್ಲಿ ಬೆಳೆಯುವ ಕುಳ್ಳ ತಳಿಗಳಿವೆ.

• ಮಣ್ಣು ಜೇಡಿಯದೇ ಇರಲಿ. ಕೆರೆ ಗೋಡು, ಎರೆಮಣ್ಣು ಯಾವುದಾದರೂ ಸರಿ. ತೆಂಗಿನ ನಾರಿನ ಪುಡಿ, ಪಾಟಿಂಗ್ ಮಿಕ್ಸ್ ಬೇಡ.

• ಹೊಸದಾಗಿ ಸಿಮೆಂಟ್ ತೊಟ್ಟಿ ಕಟ್ಟಿಸಿದರೆ ಒಡನೆ ನೆಡಬೇಡಿ. ಮೂರ್ನಾಲ್ಕು ಸಲ ನೀರು ತುಂಬಿಸಿ, ಕೆಲವು ದಿನ ಬಿಟ್ಟು, ಚೆಲ್ಲಿ. ಸಿಮೆಂಟಿನ ಸುಣ್ಣದ ಖಾರ ಇಳಿಯಲಿ.

• ಗೊಬ್ಬರ ಕಡಿಮೆಯಾದರೆ ಹೂ ತಡವಾಗುತ್ತದೆ, ಹೆಚ್ಚಾದರೆ ಗಿಡವೇ ಸಾಯುತ್ತದೆ. ಎದ್ದು ನಿಂತ ಎಲೆ ನಾಲ್ಕಾದರೂ ಬರುವತನಕ ಏನೂ ಹಾಕಬೇಡಿ. ಆಮೇಲೆ ತಿಂಗಳಿಗೊಮ್ಮೆ ಎಂಟು ಹತ್ತು ಕಾಳು ಡಿಎಪಿ ಕಾಗದದಲ್ಲಿ ಸುತ್ತಿ, ಟಬ್ಬಿನ ಅಂಚಿನಲ್ಲಿ ಮಣ್ಣಿನೊಳಕ್ಕೆ ಒತ್ತಿ. ನೀರಿಗೆ ಸುರಿದರೆ ಪಾಚಿಗೆ ಹಬ್ಬ.

• ಆರ್‌ಒ ಯಂತ್ರ ಹೊರಹಾಕುವ ನೀರು ಬೇಡ, ಅದರಲ್ಲಿ ಲವಣ ಹೆಚ್ಚು. ಬೋರ್ ನೀರು ಹಾಕುವವರು ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅರ್ಧ ನೀರು ಬದಲಿಸಿ. ಮಳೆ ನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

• ಒಣಗಿದ ಎಲೆಯ ದಂಟನ್ನು ನೀರಿನ ಮಟ್ಟಕ್ಕಿಂತ ಮೇಲೆ ಕತ್ತರಿಸಿ. ದಂಟಿನೊಳಗೆ ಗಾಳಿ ಕೊಳವೆಗಳಿವೆ, ಗಡ್ಡೆ ಉಸಿರಾಡುವುದು ಅದರ ಮೂಲಕವೇ. ನೀರಿನ ಕೆಳಗೆ ಕತ್ತರಿಸಿದರೆ ಒಳಗೆ ನೀರು ನುಗ್ಗಿ ಗಡ್ಡೆ ಕೊಳೆಯಬಹುದು.

• ಚಳಿಗಾಲದಲ್ಲಿ ಎಲೆ ಹಳದಿಯಾಗಿ ಉದುರಿದರೆ ಹೆದರಬೇಡಿ, ಅದು ವಿಶ್ರಾಂತಿ. ಜನವರಿ, ಫೆಬ್ರುವರಿಯಲ್ಲಿ ಗಡ್ಡೆ ಬಿಡಿಸಿ ಹೊಸ ಮಣ್ಣಿಗೆ ನೆಡಿ, ಹೆಚ್ಚಾದದ್ದನ್ನು ಹಂಚಿ.

• ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ತೊಟ್ಟಿಗೆ ಜಾಲರಿ ಹಾಕಿಸಿ. ಒಂದಡಿ ನೀರೂ ಅಪಾಯವೇ.

ಕೊನೆಗೆ

ತಾವರೆ ನಮ್ಮ ರಾಜ್ಯದ ಹೂವೂ ಹೌದು, ದೇಶದ ಹೂವೂ ಹೌದು. ಹೂವಿನ ಮಾತು ಬಂದರೆ ನಮ್ಮ ಕಡೆಯವರು ಪಕ್ಕದ ಹಡಗಲಿಯ ಮಲ್ಲಿಗೆಯ ಹೆಸರು ಹೇಳುತ್ತೇವೆ, ಹೆಮ್ಮೆಯಿಂದ. ತಾವರೆಯ ನೆನಪು ಇರುವುದು ಅವ್ವನ ವಯಸ್ಸಿನವರಿಗೆ ಮಾತ್ರ. ಆದರೆ ಕೆರೆಗೆ ನೀರು, ಕಾವಲು ಎರಡೂ ಇದ್ದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೂ ಹಿಂದಿನವರು ಬೇಸಾಯಕ್ಕೆ ಕಟ್ಟಿದ ಊರ ಕೆರೆಯೇ. ಇವತ್ತು ಅಲ್ಲಿನ ಜಾಲಿ ಮರಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಕೂಡ್ಲಿಗಿ ಕಡೆಯ ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಯೂ ಇದೆ. ನಮ್ಮೂರ ಕೆರೆಯಲ್ಲಿ ಮತ್ತೆ ನೀರು ನಿಲ್ಲುವ ದಿನ ಬಂದರೆ ಬೀಜ ಅವ್ವನ ಮಾತ್ರೆ ಡಬ್ಬಿಯಲ್ಲಿ ತಯಾರಿದೆ. ಅದಕ್ಕೆ ಕಾಯುವುದು ಗೊತ್ತು.

ಹೋದ ತಿಂಗಳು ಮತ್ತೆ ಕೇಳಿದೆ: “ಅವ್ವಾ, ಬೆಂಗಳೂರಿಗೆ ಬಂದುಬಿಡು.”

“ಮೀನಿಗೆ ಯಾರು ಹಾಕ್ತಾರೋ? ತೊಟ್ಟಿ ಬಿಟ್ಟು ಹೆಂಗ್ ಬರ್ಲಿ?” ಅಂದಳು.

ಎತ್ತುಗಳಿದ್ದಾಗಲೂ ಇದೇ ಮಾತು ಹೇಳುತ್ತಿದ್ದಳು. ಅದಾದ ಮೇಲೆ ನಾನು ಕೇಳುವುದು ಬಿಟ್ಟಿದ್ದೇನೆ. ತಿಂಗಳಿಗೆರಡು ಸಲ ಶುಕ್ರವಾರ ರಾತ್ರಿ ಬಸ್ಸು ಹತ್ತುತ್ತೇನೆ. ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆಯುವ ಹೊತ್ತಿಗೆ ಅವ್ವ ತೊಟ್ಟಿಯ ಪಕ್ಕ ಕೂತಿರುತ್ತಾಳೆ.